ಅಕ್ಕನ ಪರವಾಗಿ ನಾನು ಮಾಡಿದ ಭಾಷಣ

ನನಗೆ ದೇವರು ಕೊಟ್ಟ ಒಂದೇ ಒಂದು ಬಂಡವಾಳ ನನ್ನ ಸ್ವರ. ಐದನೇ ಕ್ಲಾಸಿಗೆ ಶಾಲೆ ಬಿಟ್ಟೆ. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ತಲೆ ತಿರುಗುತ್ತಿತ್ತು. ಮೊದಲ ಸಲ ಕಡಲಿಗೆ ಕರೆದುಕೊಂಡು ಹೋದಾಗ ಬಲೆ ನೀರಿಗೆ ಬೀಳುವ ಮೊದಲೇ ನನ್ನ ಹೊಟ್ಟೆಯ ಗಂಜಿ ನೀರಿಗೆ ಬಿದ್ದಿತ್ತು. "ಮೀನು ಹಿಡಿಯಲಿಕ್ಕೆ ಬಂದದ್ದಾ, ಮೀನಿಗೆ ಊಟ ಹಾಕಲಿಕ್ಕೆ ಬಂದದ್ದಾ ನೀನು?" ಅಂತ ದೋಣಿಯ ಹಿರಿಯರು ಕೇಳಿದರು. ಎಲ್ಲರೂ ನಕ್ಕರು. ಆಮೇಲೆ ನಾನು ಕಡಲನ್ನು ದಡದಲ್ಲಿ ನಿಂತೇ ಗೌರವಿಸುತ್ತ ಬಂದಿದ್ದೇನೆ.

ಕಾಪು ಪೇಟೆಯ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ತೆಂಗಿನ ಮರಕ್ಕೆ ಹಾರ್ನ್ ಕಟ್ಟುವುದು, ವಯರ್ ಎಳೆಯುವುದು, "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅನ್ನುವುದು. ಈ ಟೆಸ್ಟಿಂಗ್‌ನಲ್ಲೇ ನಾನು ಸಿಕ್ಕಿಬಿದ್ದದ್ದು. ಬೇರೆಯವರು ಒಂದು ಎರಡು ಮೂರು ಹೇಳಿ ಇಳಿಯುತ್ತಿದ್ದರು. ನಾನು "ಸಹೃದಯ ಬಂಧುಗಳೇ" ಅಂತ ಶುರುಮಾಡಿ ಅಡುಗೆಯವರಿಗೂ ವಂದನೆ ಹೇಳಿ ಇಳಿಯುತ್ತಿದ್ದೆ. ಆಟೋದಲ್ಲಿ ಮೈಕ್ ಕಟ್ಟಿಕೊಂಡು ಪಡುಬಿದ್ರಿಯಿಂದ ಕಲ್ಯಾಣಪುರದ ತನಕ ನಾಟಕ, ಕಬಡ್ಡಿ, ರಕ್ತದಾನ, ಸೀರೆಯ ರಿಯಾಯಿತಿ ಎಲ್ಲವನ್ನೂ ಒಂದೇ ಭಕ್ತಿಯಿಂದ ಕೂಗಿದ್ದೇನೆ. ಕ್ರಮೇಣ ಊರಿನ ಕಾರ್ಯಕ್ರಮಗಳಲ್ಲಿ ಧನ್ಯವಾದ ಹೇಳುವ ಕೆಲಸವೂ ನನ್ನದಾಯಿತು. ಅದು ಯಾರಿಗೂ ಬೇಡದ ಕೆಲಸ, ಯಾಕೆಂದರೆ ಆ ಹೊತ್ತಿಗೆ ಜನ ಎದ್ದು ಊಟಕ್ಕೆ ಓಡುತ್ತಾರೆ. ಖಾಲಿ ಕುರ್ಚಿಗಳಿಗೆ ಧನ್ಯವಾದ ಹೇಳಿ ಹೇಳಿಯೇ ನಾನು ಪಳಗಿದವನು.

ಇನ್ನೊಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಮನೆಮಾತು ತುಳು. ಜಗಳ, ಅಳು, ಮೀನಿನ ರೇಟು, ಎಲ್ಲ ತುಳುವಿನಲ್ಲಿ. ಭಾಷಣ ಮಾತ್ರ ಕನ್ನಡದಲ್ಲಿ. ಮೈಕ್ ಕೈಗೆ ಬಂದರೆ ನನ್ನ ಬಾಯಿಂದ ತುಳು ಹೊರಡುತ್ತಲೇ ಇರಲಿಲ್ಲ. "ಸಂಸ್ಕೃತಿ", "ಸಹನೆ", "ಸೌಹಾರ್ದ" ಇಂಥ ಶಬ್ದಗಳು ತಾವೇ ಸಾಲು ಹಿಡಿದು ಬರುತ್ತಿದ್ದವು. ಅವುಗಳ ಅರ್ಥ ನನಗೆ ಪೂರ್ತಿ ಗೊತ್ತಿತ್ತು ಅಂತ ಹೇಳಲಾರೆ. ಕೇಳುವವರಿಗೂ ಗೊತ್ತಿರಲಿಲ್ಲ. ಹಾಗಾಗಿ ಇಬ್ಬರಿಗೂ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ನನ್ನ ಅಕ್ಕನಿಗೆ.

ಅಕ್ಕನನ್ನು ಕಾರ್ಕಳಕ್ಕೆ ಕೊಟ್ಟಿದ್ದೆವು. ಭಾವನದು ಅಲ್ಲಿಯ ಪೇಟೆಯಲ್ಲಿ ಮೀನಿನ ಅಂಗಡಿ. ಹೆಸರಿಗೆ ಅವನ ಅಂಗಡಿ, ಕೂತು ಮಾರುವವಳು ಅಕ್ಕ. ತೊಂಬತ್ತರ ದಶಕ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಅವಳು ಮಗಳನ್ನು ಕರೆದುಕೊಂಡು, ಪಡುಬಿದ್ರಿಯಲ್ಲಿ ಬಸ್ಸು ಬದಲಾಯಿಸಿ, ಅಮ್ಮನ ಮನೆಗೆ ಬಂದಳು. ಕೆನ್ನೆ ಊದಿತ್ತು. ಕಣ್ಣಿನ ಕೆಳಗೆ ಬಂಗುಡೆ ಮೀನಿನ ಬೆನ್ನಿನ ನೀಲಿ ಬಣ್ಣ. ಗಿರಾಕಿಗಳ ಎದುರಿಗೇ ಹೊಡೆದಿದ್ದ. ಕಾರಣ ಕೇಳಿದರೆ, "ಕಾರಣ ಇದ್ದರೆ ನಾನು ಬರುತ್ತಿರಲಿಲ್ಲ" ಅಂದಳು.

ಅಮ್ಮ ಅಕ್ಕನ ಚೀಲವನ್ನು ಎತ್ತಿಕೊಂಡು ಹೋಗಿ ಒಳಕೋಣೆಯಲ್ಲಿ ಇಟ್ಟಳು.

ಆ ಕೋಣೆಯ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಅಡುಗೆಮನೆ, ಚಾವಡಿ ಬಿಟ್ಟರೆ ಬಾಗಿಲು ಇದ್ದ ಕೋಣೆ ಅದೊಂದೇ. ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುವುದು ಹಿಂದಿನಿಂದ ಬಂದ ಕ್ರಮ. ಲೆಕ್ಕ ಹಿಡಿದರೆ ಅದು ಅಕ್ಕನ ಕೋಣೆ, ನಾನು ಅಲ್ಲಿ ಉಳಿದುಕೊಂಡವನು. ಆದರೆ ಆ ಸಮಯಕ್ಕೆ ಅಂಬಲಪಾಡಿ ಕಡೆಯ ಒಂದು ಹುಡುಗಿಯೊಂದಿಗೆ ನನ್ನ ಮದುವೆ ಮಾತಾಗಿತ್ತು. ಅವರ ಕಡೆಯ ಹಿರಿಯರೊಬ್ಬರು ನಮ್ಮ ಮನೆ ನೋಡಲು ಬಂದವರು, ಆ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡಿ, "ಕೋಣೆ ಒಂದು ಉಂಟಲ್ಲ, ಸಾಕು" ಅಂದಿದ್ದರು. ನಾನು ಆವತ್ತೇ ಗೋಡೆಗೆ ಸುಣ್ಣ ಹೊಡೆದಿದ್ದೆ. ಈಗ ಆ ಸುಣ್ಣಕ್ಕೆ ಬೆನ್ನು ತಾಗಿಸಿ ಅಕ್ಕ ಮತ್ತು ಅವಳ ಮಗಳು ಮಲಗಿದ್ದರು.

ಆಗ ಇದೆಲ್ಲ ನನ್ನ ತಲೆಯಲ್ಲಿ ಇರಲೇ ಇಲ್ಲ ಅಂತ ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಇತ್ತು.

ನಮ್ಮ ಊರಿನ ಕ್ರಮದಲ್ಲಿ ಗಂಡ ಹೆಂಡತಿ ಜಗಳ ಪೊಲೀಸಿಗೆ ಹೋಗುವುದಿಲ್ಲ, ಸಭೆಗೆ ಹೋಗುತ್ತದೆ. ಭಜನಾ ಮಂದಿರದಲ್ಲಿ ಊರಿನ ಗುರಿಕಾರರು, ಅಂದರೆ ನಮ್ಮ ಹಿರಿಯರು, ಕೂರುತ್ತಾರೆ. ಗಂಡಸರು ಒಳಗೆ ಚಾಪೆಯ ಮೇಲೆ, ಹೆಂಗಸರು ಹೊರಗೆ ಜಗಲಿಯಲ್ಲಿ. ಹೆಣ್ಣಿನ ದೂರು ಇದ್ದರೆ ಅವಳ ಸೋದರಮಾವ ಇಲ್ಲವೇ ಅಣ್ಣ ತಮ್ಮ ಎದ್ದು ಹೇಳಬೇಕು. ನಮ್ಮದು ಹೆಣ್ಣಿನ ಕಡೆಯಿಂದ ಮನೆ ಬರುವ ಜಾತಿ ಅಂತ ನಾವು ಎಲ್ಲ ಕಡೆ ಹೆಮ್ಮೆಯಿಂದ ಹೇಳುತ್ತೇವೆ. ಹೆಣ್ಣಿನ ಕಡೆಯಿಂದ ಮಾತು ಬರಲು ಮಾತ್ರ ಬಿಡುತ್ತಿರಲಿಲ್ಲ.

ಮಾವ ತೀರಿಕೊಂಡಿದ್ದರು. ಉಳಿದವನು ನಾನು. ಊರಿನವರೆಲ್ಲ ಅಕ್ಕನಿಗೆ, "ನಿನಗೆ ಎಂತ ಹೆದರಿಕೆ? ನಿನ್ನ ತಮ್ಮನಂಥ ಮಾತುಗಾರ ಈ ಕಡಲ ಬದಿಯಲ್ಲಿ ಇದ್ದಾನಾ?" ಅಂದರು. ನನಗೂ ಹಾಗೆಯೇ ಅನಿಸಿತು.

ಸಭೆಯ ದಿನ ಮಧ್ಯಾಹ್ನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಬಟ್ಟೆ ಹಿಂಡುತ್ತ ಹೇಳಿದಳು, "ಹೆಚ್ಚು ಹೇಳಬೇಡ. ಮೂರೇ ಮಾತು. ಅವರು ಜನರ ಎದುರು ಹೊಡೆಯುತ್ತಾರೆ. ಮಗಳನ್ನು ಶಾಲೆಗೆ ಬಿಡುವುದಿಲ್ಲ. ನಾನು ತಿರುಗಿ ಹೋಗುವುದಿಲ್ಲ, ಅಮ್ಮನ ಮನೆಯಲ್ಲೇ ಇರುತ್ತೇನೆ. ಇಷ್ಟೇ."

"ಅಷ್ಟೇ ಹೇಳಿದರೆ ಆಗ್ತದಾ ಅಕ್ಕ? ಪೀಠಿಕೆ ಬೇಡ್ವಾ?"

"ಬೇಡ ಮಾರಾಯ."

"ಸಭಾವಂದನೆ?"

"ನನ್ನ ಕೆನ್ನೆಯೇ ಪೀಠಿಕೆ. ನೀನು ಮಾತು ಹೇಳು."

ನಾನು ಆಯಿತು ಅಂದೆ. ಅಂದು, ನೇರ ಅಂಗಡಿಗೆ ಹೋಗಿ ಯಜಮಾನರ ಹತ್ತಿರ ಕೇಳಿ, ಒಂದು ಆಂಪ್ಲಿಫಯರ್, ಒಂದು ಮೈಕ್, ಎರಡು ಹಾರ್ನ್ ತಂದೆ. ಸಭೆಗೆ ಅದುವರೆಗೆ ಯಾರೂ ಮೈಕ್ ಕಟ್ಟಿದ್ದಿಲ್ಲ. ಗುರಿಕಾರರು ಕೇಳಿದರು, "ಇದು ಯಾಕೆ?"

"ಊರಿಗೆ ನನ್ನ ಸೇವೆ" ಅಂದೆ.

ಒಂದು ಹಾರ್ನನ್ನು ಮಂದಿರದ ಮುಂದೆಯೂ ಇನ್ನೊಂದನ್ನು ಕಡಲಿನ ಕಡೆಯ ಮರಕ್ಕೂ ಕಟ್ಟಿದೆ. ನನ್ನ ಒಡಹುಟ್ಟಿದವಳ ಮನೆಯೊಳಗಿನ ನೋವನ್ನು ಬಲೆ ಹೆಣೆಯುವವರಿಗೂ ಕೇಳುವ ಹಾಗೆ ವ್ಯವಸ್ಥೆ ಮಾಡಿದ ತಮ್ಮ ಈ ಜಿಲ್ಲೆಯಲ್ಲಿ ಬೇರೆ ಇರಲಾರ. ಆಗ ನನಗೆ ಅದು ಹೊಳೆಯಲಿಲ್ಲ. ಸೌಂಡ್ ಸರಿಯಾಗಿ ಬರುತ್ತದೋ ಇಲ್ಲವೋ ಎಂಬುದೊಂದೇ ಚಿಂತೆ.

ಕಾರ್ಕಳದಿಂದ ಭಾವ ಬಂದ. ಬಿಳಿ ಅಂಗಿ, ಹಣೆಗೆ ಗಂಧ. ಗುರಿಕಾರರ ಕಾಲು ಮುಟ್ಟಿದ. ನಾನು ಎದ್ದು ನಿಂತೆ. ಮೈಕ್ ಹಿಡಿದೆ. ಕೆಳಗೆ ತಲೆಗಳು, ಎದುರಿಗೆ ದೀಪ, ನನ್ನ ಸ್ವರ ಹೊರಗೆ ಹೋಗಿ ಕಡಲಿನ ಗಾಳಿಯಲ್ಲಿ ತಿರುಗಿ ನನ್ನ ಕಿವಿಗೇ ಬರುತ್ತಿತ್ತು. ಸಭೆ ನಡೆಯುವುದು ತುಳುವಿನಲ್ಲಿ. ನನ್ನ ಬಾಯಿಂದ ಬಂದದ್ದು ಕನ್ನಡ.

"ಹತ್ತು ಸಮಸ್ತರೇ, ಪೂಜ್ಯ ಗುರಿಕಾರರೇ" ಅಂತ ಶುರುಮಾಡಿದೆ. ಹೆಣ್ಣು ಎಂದರೆ ಏನು ಅಂತ ಹೇಳಿದೆ. ಹೆಣ್ಣು ಭೂಮಿ, ಎಷ್ಟು ತುಳಿದರೂ ಫಲ ಕೊಡುತ್ತಾಳೆ ಅಂದೆ. ಹೆಣ್ಣು ಕಡಲು, ಎಷ್ಟು ಹೊಳೆ ಬಂದು ಸೇರಿದರೂ ಉಕ್ಕುವುದಿಲ್ಲ ಅಂದೆ. ಸಂಸಾರ ದೋಣಿ ಇದ್ದ ಹಾಗೆ, ಅಲೆ ಬಂತೆಂದು ನಡುವೆ ಇಳಿದರೆ ಮುಳುಗುತ್ತೇವೆ ಅಂದೆ. ದೋಣಿ ಹತ್ತಿದರೆ ವಾಂತಿ ಮಾಡುವವನು ಇದನ್ನು ಹೇಳಿದ್ದು. ಜನ ತಲೆಯಾಡಿಸಿದರು. ಯಾರೋ "ಭಾರೀ ಲಾಯಕ್" ಅಂದರು. ಅದನ್ನು ಕೇಳಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ತಾಳ್ಮೆಗೆ ಬಂದೆ, ಕ್ಷಮೆಗೆ ಬಂದೆ, ಒಂದಾಗಿ ಬಾಳುವ ಸೌಹಾರ್ದಕ್ಕೆ ಬಂದೆ. ಮೂರು ಮಾತು ಎಲ್ಲೋ ಹಿಂದೆ ಉಳಿದವು. ಕೊನೆಗೆ, "ಹಿರಿಯರು ಏನು ಹೇಳಿದರೂ ನಮ್ಮ ಮನೆ ತಲೆಬಾಗುತ್ತದೆ" ಅಂದು ಕೈಮುಗಿದೆ. ಮೈಕ್ ಒಮ್ಮೆ ಕೂಯ್ ಅಂತ ಕಿರುಚಿತು. ಚಪ್ಪಾಳೆ ಬಿತ್ತು.

ಗಂಡ ಹೆಂಡತಿ ಪಂಚಾಯಿತಿಯಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು ಅಂತ ಆಮೇಲೆ ಹೇಳಿದರು.

ಅಂಥ ಭಾಷಣದ ನಂತರ ಗುರಿಕಾರರು ತಾನೇ ಬೇರೆ ಏನು ಹೇಳಲು ಸಾಧ್ಯ? ಹೆಣ್ಣಿನ ಕಡೆಯವನೇ ತಾಳ್ಮೆ ಅಂದ ಮೇಲೆ ಮುಗಿಯಿತು. ಭಾವ ದೇವರ ಎದುರು ಇನ್ನು ಕೈ ಎತ್ತುವುದಿಲ್ಲ ಅಂದ. ಅಕ್ಕ ನಾಳೆಯೇ ಹೊರಡುವುದು ಅಂತ ಆಯಿತು.

ಹೊರಗೆ ಬಂದಾಗ ಅಕ್ಕ ಜಗಲಿಯ ಕಂಬದ ಹತ್ತಿರ ನಿಂತಿದ್ದಳು. ಅವಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಉತ್ತರ ಇತ್ತು.

"ಮಾತು ಚಂದ ಇತ್ತು" ಅಂದಳು.

ಮರುದಿನ ಕಾರ್ಕಳದ ಬಸ್ಸಿಗೆ ನಾನೇ ಬಿಟ್ಟು ಬಂದೆ. ಕಿಟಕಿಯಿಂದ ಸೊಸೆ, ಅಕ್ಕನ ಮಗಳು, ಕೈಬೀಸಿದಳು. ಬಸ್ಸು ಮರೆಯಾದ ಮೇಲೆ ನನಗೆ ಆದದ್ದು ಹಗುರ. ಬರೆಯಲು ಕಷ್ಟವಾಗುವ ಸಾಲು ಇದು, ಆದರೂ ಅದು ಹಗುರವೇ. ಮನೆಗೆ ಬಂದು ಒಳಕೋಣೆಯ ಗೋಡೆಯಲ್ಲಿ ಎಣ್ಣೆತಲೆ ತಾಗಿದ್ದ ಜಾಗಕ್ಕೆ ಇನ್ನೊಮ್ಮೆ ಸುಣ್ಣ ಹೊಡೆದೆ.

ಮದುವೆ ಆಯಿತು. ಹೆಂಡತಿ ಬಂದಳು, ಮಂಚ ಬಂತು. ನನ್ನ ಹೆಸರೂ ಸ್ವಲ್ಪ ಬೆಳೆಯಿತು. ಬೇರೆ ಊರಿನವರೂ ತಮ್ಮ ಜಗಳಕ್ಕೆ ನನ್ನನ್ನು ಕರೆಯತೊಡಗಿದರು. ಹೋಗಿ ತಾಳ್ಮೆಯ ಬಗ್ಗೆ ಮಾತಾಡಿ, ಕೋಳಿ ಸಾರು ಉಂಡು ಬರುತ್ತಿದ್ದೆ. ಎಷ್ಟು ಮನೆಯ ಹೆಣ್ಣುಮಕ್ಕಳನ್ನು ಬಸ್ಸು ಹತ್ತಿಸಿದೆನೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಬರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲ ಆಗಿತ್ತು. ಮಣಿಪಾಲದ ಆಸ್ಪತ್ರೆಯಿಂದ ಅಂಗಡಿಯ ಫೋನಿಗೆ ಕರೆ ಬಂತು. ಅಕ್ಕನ ಜೊತೆ ಕಾರ್ಕಳ ಪೇಟೆಯಲ್ಲಿ ಮೀನು ಮಾರುವ ಗೆಳತಿಯೊಬ್ಬಳು ಅವಳನ್ನು ಅಲ್ಲಿಗೆ ಕರೆದುಕೊಂಡು ಬಂದಿದ್ದಳು. ಭಾವ ಕಪಾಳಕ್ಕೆ ಹೊಡೆದ ಹೊಡೆತಕ್ಕೆ ಎಡಗಿವಿಯ ತಮಟೆ ಹರಿದಿತ್ತು. ಡಾಕ್ಟರು ಆ ಕಿವಿ ಇನ್ನು ಹೆಚ್ಚು ಕೇಳಿಸಲಿಕ್ಕಿಲ್ಲ ಅಂದರು. ನಾನು ಮಂಚದ ಬಳಿ ನಿಂತು, "ಅಕ್ಕ, ಹೀಗಾಗಬಾರದಿತ್ತು" ಅಂತ ಏನೇನೋ ಹೇಳಿದೆ. ನಾನು ನಿಂತದ್ದು ಎಡಗಡೆ. ಅವಳು ಸೀಲಿಂಗ್ ನೋಡುತ್ತ ಮಲಗಿದ್ದಳು. ಗೆಳತಿ ನನ್ನ ತೋಳು ಹಿಡಿದು, "ಸುಮ್ಮನೆ ಶ್ರಮ ಪಡಬೇಡಿ" ಅಂದಳು.

ಅಲ್ಲಿಂದ ಮನೆಗೆ ಕರೆತಂದೆ. ಕರೆತಂದೆ ಅಂತ ಬರೆಯುವಾಗ ದೊಡ್ಡ ಉಪಕಾರದ ಹಾಗೆ ಕಾಣುತ್ತದೆ. ಅಡುಗೆಮನೆಯಲ್ಲಿ ಚಾಪೆ ಹಾಕಿ ಕೊಟ್ಟೆ. ಮೀನಿನ ಬುಟ್ಟಿಗಳ ಪಕ್ಕ ಅವಳು ಮತ್ತು ಈಗ ಉದ್ದಕ್ಕೆ ಬೆಳೆದ ಮಗಳು. ಕೆಲವು ದಿನ ಕಳೆದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, "ಅಕ್ಕ, ಭಾವನ ಹತ್ತಿರ ನಾನೊಮ್ಮೆ ಮಾತಾಡಲಾ?" ಅಂದೆ.

ಅಕ್ಕ ನನ್ನನ್ನು ನೋಡಿದಳು. ಆ ಸಂಜೆಯೇ ಮಗಳನ್ನು ಕರೆದುಕೊಂಡು, ನಮ್ಮೂರಿನಲ್ಲೇ ಇದ್ದ ಆ ಗೆಳತಿಯ ತವರುಮನೆಗೆ ಹೋದಳು. ಅಮ್ಮ ಎರಡು ದಿನ ನನ್ನ ತಟ್ಟೆಗೆ ಗಂಜಿ ಬಡಿಸಲಿಲ್ಲ. ಹೆಂಡತಿ ಬಡಿಸಿದಳು, ಆದರೆ ತಟ್ಟೆಯನ್ನು ಇಟ್ಟ ಶಬ್ದ ಸ್ವಲ್ಪ ಜಾಸ್ತಿ ಇತ್ತು.

ಆ ಹೊತ್ತಿಗೆ ನಮ್ಮ ಗ್ರಾಮ ಪಂಚಾಯತಿನಲ್ಲಿ ಹೊಸದೊಂದು ಶುರುವಾಗಿತ್ತು. ಮಹಿಳಾ ಸದಸ್ಯರು ಮತ್ತು ಸ್ವಸಹಾಯ ಸಂಘದ ಹೆಂಗಸರು ಸೇರಿ ಒಂದು ಸಮಿತಿ ಮಾಡಿದ್ದರು. ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಅಂಗನವಾಡಿಯಲ್ಲಿ ಕೂರುತ್ತಿದ್ದರು. ಗಂಡ ಹೊಡೆದದ್ದು, ಮನೆಯಿಂದ ಹೊರಗೆ ಹಾಕಿದ್ದು ಇಂಥವನ್ನು ಕೇಳುತ್ತಿದ್ದರು. ನಾವು ಗಂಡಸರು ಅದನ್ನು "ಹೆಂಗಸರ ಹೈಕೋರ್ಟು" ಅನ್ನುತ್ತಿದ್ದೆವು. ಕ್ಷೌರದ ಅಂಗಡಿಯಲ್ಲಿ ಆ ಹೆಸರಿಗೆ ತುಂಬ ನಗು ಬೀಳುತ್ತಿತ್ತು. ಹೆಸರು ಇಟ್ಟವನು ನಾನೇ.

ಒಂದು ದಿನ ಪಂಚಾಯತಿನ ನೀರು ಬಿಡುವವನು ದಾರಿಯಲ್ಲಿ ಸಿಕ್ಕಿ, "ಈ ಶನಿವಾರ ನೀವು ಅಂಗನವಾಡಿಗೆ ಬರಬೇಕಂತೆ, ಹೇಳಲು ಹೇಳಿದ್ದಾರೆ" ಅಂದ.

ನನಗೆ ಬಹಳ ಸಂತೋಷವಾಯಿತು. ಅಂತೂ ಅವರಿಗೂ ನನ್ನ ಬೆಲೆ ಗೊತ್ತಾಯಿತಲ್ಲ ಅಂದುಕೊಂಡೆ. ಅಕ್ಕನ ವಿಷಯವೇ ಇರಬೇಕು, ಅವಳ ಪರವಾಗಿ ಮಾತಾಡಲು ಕರೆದಿದ್ದಾರೆ. ಅಂಗಿಗೆ ಇಸ್ತ್ರಿ ಹಾಕಿಸಿದೆ. ಈ ಸಲ ಗಟ್ಟಿಯಾಗಿಯೇ ಹೇಳಬೇಕೆಂದು ಕನ್ನಡಿಯ ಎದುರು ನಿಂತು, "ಅನ್ಯಾಯ" ಎಂಬ ಶಬ್ದವನ್ನು ಬೇರೆಬೇರೆ ರೀತಿಯಲ್ಲಿ ಹೇಳಿ ನೋಡಿದೆ. ಹೆಂಡತಿ ಹಿಂದಿನಿಂದ, "ಯಾರಿಗೆ ಹೇಳುವುದು ಅದನ್ನು?" ಅಂತ ಕೇಳಿದಳು. ಅವಳೂ ಸಂಘದ ಸದಸ್ಯೆ, ಶನಿವಾರದ ಕೂಟಕ್ಕೆ ಹೋಗುವವಳು. ಅವಳ ಮುಖ ಆಗ ಯಾಕೆ ಹಾಗಿತ್ತು ಅಂತ ನನಗೆ ಗೊತ್ತಾಗಲಿಲ್ಲ.

ಅಂಗನವಾಡಿಗೆ ಹೋದಾಗ ಒಂದು ಆಂಪ್ಲಿಫಯರ್ ಕೂಡ ಹೊತ್ತುಕೊಂಡು ಹೋಗಿದ್ದೆ.

ಬಾಗಿಲಲ್ಲಿ ಪಂಚಾಯತ್ ಸದಸ್ಯೆ ಕೂತಿದ್ದರು. ಬೀಡಿ ಕಟ್ಟುವ ಹೆಂಗಸು, ನಮ್ಮ ಪಕ್ಕದ ವಾರ್ಡಿನವರು. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು. ಕೈ ಬೀಡಿ ಕಟ್ಟುತ್ತಲೇ ಇತ್ತು. ನನ್ನ ಪೆಟ್ಟಿಗೆಯನ್ನು ನೋಡಿ, "ಅದು ಎಂತ ಅಣ್ಣ?" ಅಂದರು.

"ಮೈಕ್. ನನ್ನ ಸೇವೆ."

"ಬೇಡ ಮಾರಾಯ್ರೇ. ಇಲ್ಲಿ ಹೇಳಿದ್ದು ಇಲ್ಲಿಗೇ ಕೇಳಿದರೆ ಸಾಕು. ಹೊರಗೆ ಇಟ್ಟು ಬನ್ನಿ."

ಒಳಗೆ ಹೆಂಗಸರೆಲ್ಲ ನೆಲದ ಮೇಲೆ ವೃತ್ತವಾಗಿ ಕೂತಿದ್ದರು. ಅಕ್ಕ ಅವರ ನಡುವೆ, ಅಮ್ಮ ಅವಳ ಪಕ್ಕ. ನಮ್ಮ ಗುರಿಕಾರರನ್ನೂ ಕರೆದಿದ್ದರು, ವಯಸ್ಸಾದವರೆಂದು ಬೆಂಚು ಕೊಟ್ಟಿದ್ದರು. ಗೋಡೆಯ ಬದಿಗೆ ಮಕ್ಕಳು ಕೂರುವ ಪುಟ್ಟ ಕುರ್ಚಿಗಳಲ್ಲಿ ಎರಡನ್ನು ಬೇರೆ ಇಟ್ಟಿದ್ದರು. ಒಂದರಲ್ಲಿ ಭಾವ ಕೂತಿದ್ದ, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ನಾನು ಅಕ್ಕನ ಕಡೆಗೆ ಹೋಗಲು ಹೊರಟೆ.

"ಅಣ್ಣ, ನಿಮ್ಮ ಕುರ್ಚಿ ಅದು" ಅಂದರು ಸದಸ್ಯೆ. ಭಾವನ ಪಕ್ಕದ್ದು.

"ಇಲ್ಲ ಇಲ್ಲ, ನಾನು ಹೆಣ್ಣಿನ ಕಡೆಯವನು."

"ಗೊತ್ತುಂಟು. ದೂರು ಇಬ್ಬರ ಮೇಲೆ ಇರುವುದು. ಕೂತುಕೊಳ್ಳಿ."

ಕೂತೆ. ಕುರ್ಚಿ ಸೊಂಟಕ್ಕೆ ಸಿಕ್ಕಿಕೊಂಡಿತು. ಭಾವ ನನ್ನ ಕಡೆ ತಿರುಗಿ, ಜೊತೆಗಾರ ಸಿಕ್ಕಿದ ಹಾಗೆ ತಲೆಯಾಡಿಸಿದ. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ಸ್ವಾಗತ ನನಗೆ ಸಿಕ್ಕಿಲ್ಲ.

ಆ ಕೂಟದ ಕ್ರಮ ಸರಳ ಇತ್ತು. ನೋವು ಯಾರದ್ದೋ ಅವರೇ ಹೇಳಬೇಕು. ಬೇರೆಯವರು ಕೇಳಿದರೆ ಮಾತ್ರ ಬಾಯಿ ಬಿಡಬೇಕು. ಅಕ್ಕ ತುಳುವಿನಲ್ಲಿ ಹೇಳಿದಳು. ಆವತ್ತು ಹಿತ್ತಲಿನಲ್ಲಿ ನನಗೆ ಹೇಳಿಕೊಟ್ಟ ಮೂರು ಮಾತನ್ನೇ ಹೇಳಿದಳು. ಅದಕ್ಕೆ ಒಂದು ಸೇರಿಸಿದಳು.

"ಆವತ್ತು ಇದನ್ನು ಹೇಳಲಿಕ್ಕೆ ತಮ್ಮನನ್ನು ಕಳಿಸಿದೆ. ಅವನು ಹೇಳಲಿಲ್ಲ. ಆಮೇಲೆ ನನ್ನ ಕಿವಿ ಹೋಯಿತು. ಈಗ ಅಮ್ಮನ ಮನೆಯಲ್ಲಿ ಬಾಗಿಲು ಇರುವ ಕೋಣೆ ನನಗೂ ಮಗಳಿಗೂ ಬೇಕು. ಇವರು ಕಾರ್ಕಳದಿಂದ ಬಂದು ಯಾವಾಗ ಬಾಗಿಲು ಬಡಿಯುತ್ತಾರೋ ಅಂತ ಅಡುಗೆಮನೆಯಲ್ಲಿ ಮಲಗಲಿಕ್ಕೆ ಆಗುವುದಿಲ್ಲ."

ಭಾವ ನಡುವೆ ಬಾಯಿ ಹಾಕಿದ. "ಸಂಸಾರ ಅಂದ ಮೇಲೆ ತಟ್ಟೆ ಲೋಟ ತಾಗುವುದಿಲ್ವಾ? ಅದಕ್ಕೆ ಇಷ್ಟು ಜನ ಬೇಕಾ?"

ಬೀಡಿ ಕಟ್ಟುವ ಕೈ ನಿಂತಿತು. "ತಾಗಿದ್ದು ತಟ್ಟೆ ಅಲ್ಲ ಮಾರಾಯ್ರೇ, ಕಿವಿ. ನಿಮ್ಮ ಸರದಿ ಬರಲಿ, ಕೇಳುತ್ತೇವೆ."

ಅವನ ಸರದಿ ಬಂತು. ದೇವರ ಎದುರು ಮಾತು ಕೊಟ್ಟದ್ದು ಹೌದಾ ಅಂತ ಕೇಳಿದರು. ಹೌದು ಅಂದ. ಮುರಿದದ್ದು ಹೌದಾ? ಅವನು ಅಂಗಡಿಯ ಕಷ್ಟ ಹೇಳಿದ, ತಲೆಬಿಸಿ ಹೇಳಿದ, ನಡುನಡುವೆ ಗುರಿಕಾರರ ಮುಖ ನೋಡಿದ. ಗುರಿಕಾರರು ಬೆಂಚಿನಲ್ಲಿ ತಲೆತಗ್ಗಿಸಿ ಕೂತಿದ್ದರು. ಕೊನೆಗೆ ಅವರು ತಲೆಯೆತ್ತಿ, "ನನ್ನನ್ನು ಯಾಕೆ ನೋಡ್ತೀ? ಆವತ್ತು ನಾವು ಹೆಣ್ಣಿನ ಮುಖ ನೋಡದೆ ತೀರ್ಮಾನ ಕೊಟ್ಟೆವು. ಈ ಜನದ ಭಾಷಣ ಕೇಳಿ ನಾನೂ ಚಪ್ಪಾಳೆ ಹೊಡೆದೆ" ಅಂತ ನನ್ನ ಕಡೆ ಬೆರಳು ತೋರಿಸಿದರು.

ಆಗ ಎಲ್ಲರೂ ನನ್ನನ್ನು ನೋಡಿದರು. ಸದಸ್ಯೆ ಕೇಳಿದರು, "ಅಣ್ಣ, ಕೋಣೆ ಕೊಡ್ತೀರಾ?"

ನಾನು ಎದ್ದೆ. ಕುರ್ಚಿಯೂ ನನ್ನ ಜೊತೆ ಎದ್ದಿತು. ಯಾರೋ ಹಿಂದಿನಿಂದ ಎಳೆದು ಬಿಡಿಸಿದರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು.

"ಮಾನ್ಯ ಸದಸ್ಯರೇ, ಸಮಿತಿಯ ಸಮಸ್ತ ತಾಯಂದಿರೇ" ಅಂತ ಶುರುಮಾಡಿದೆ.

"ತುಳುವಿನಲ್ಲಿ ಹೇಳಿ ಅಣ್ಣ."

ತುಳುವಿನಲ್ಲಿ ಹೇಳಬೇಕಾದರೆ ಸಂಸ್ಕೃತಿ ಇಲ್ಲ, ಸೌಹಾರ್ದ ಇಲ್ಲ. ಕೋಣೆ ಉಂಟು, ಅಕ್ಕ ಇದ್ದಾಳೆ, ನಾನು ಇದ್ದೇನೆ. ಕೈಯಲ್ಲಿ ಹಿಡಿದುಕೊಳ್ಳಲು ಮೈಕೂ ಇರಲಿಲ್ಲ. ಕೊನೆಗೆ ಒಂದು ದಾರಿ ಹೊಳೆಯಿತು, ಗಂಡಸರಿಗೆ ಯಾವಾಗಲೂ ಹೊಳೆಯುವ ದಾರಿ.

"ನನಗೆ ಏನೂ ಅಡ್ಡಿ ಇಲ್ಲ. ಮನೆಯಲ್ಲಿ ಹೆಂಡತಿ ಏನು ಹೇಳುತ್ತಾಳೋ ಅಂತ."

ವೃತ್ತದ ಆ ತುದಿಯಿಂದ ಸ್ವರ ಬಂತು. "ನಾನು ಯಾವಾಗ ಎಂತ ಹೇಳಿದೆ?"

ನನ್ನ ಹೆಂಡತಿ. ಅವಳು ಅಲ್ಲಿ ಕೂತಿದ್ದಾಳೆ ಎಂಬುದೇ ಮರೆತುಹೋಗಿತ್ತು. "ಅತ್ತಿಗೆ ಅಡುಗೆಮನೆಯಲ್ಲಿ ಮಲಗಿದ ದಿನವೇ ನಾನು ಹೇಳಿದೆ, ನಾವು ಚಾವಡಿಗೆ ಹೋಗುವ ಅಂತ. 'ಮದುವೆಯ ಮಂಚ, ಅಲ್ಲಿ ಧೂಳು ಹಿಡೀತದೆ' ಅಂತ ಹೇಳಿದ್ದು ಯಾರು?"

ಈ ಸಲ ಯಾರೂ ಸೆರಗು ಇಟ್ಟುಕೊಳ್ಳಲಿಲ್ಲ. ಜೋರಾಗಿಯೇ ನಕ್ಕರು. ಅಮ್ಮ ಕೂಡ ನಕ್ಕಳು. ಅಕ್ಕ ನಗಲಿಲ್ಲ. ಅವಳು ಬಲಗಿವಿಯನ್ನು ಸ್ವಲ್ಪ ನನ್ನ ಕಡೆ ತಿರುಗಿಸಿ ಕಾಯುತ್ತಿದ್ದಳು.

"ಕೋಣೆ ನನಗೆ ಬೇಕಿತ್ತು" ಅಂದೆ. "ಆವತ್ತೂ ಬೇಕಿತ್ತು. ಮದುವೆ ಮಾತಾಗಿತ್ತು. ಅವಳ ಕೆನ್ನೆ ನಾನು ನೋಡಿದ್ದೆ. ನೋಡಿಯೂ ಬಸ್ಸು ಹತ್ತಿಸಿದೆ."

ಇಷ್ಟು ಹೇಳಲು ನಾನು ತೆಗೆದುಕೊಂಡ ಹೊತ್ತಿನಲ್ಲಿ ಮಾಮೂಲಾಗಿ ಇಡೀ ಧನ್ಯವಾದ ಭಾಷಣ ಮುಗಿಯುತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸದಸ್ಯೆ ಒಂದು ಬೀಡಿಗೆ ನೂಲು ಸುತ್ತಿ ಮೊರದಲ್ಲಿ ಇಟ್ಟು, "ಹಾಗಾದರೆ ಕೊಡ್ತೀರಿ ಅಲ್ವಾ?" ಅಂದರು.

"ಕೊಡ್ತೇನೆ."

"ಯಾವಾಗ?"

"ಇವತ್ತು."

ತೀರ್ಮಾನ ಆಯಿತು. ಅಕ್ಕ ಮತ್ತು ಮಗಳು ಅಮ್ಮನ ಮನೆಯ ಒಳಕೋಣೆಯಲ್ಲಿ ಇರುವುದು. ಮಗಳು ಇಲ್ಲಿಯ ಶಾಲೆಗೆ ಹೋಗುವುದು. ಭಾವ ಮಗಳನ್ನು ನೋಡಬೇಕಾದರೆ ಸಮಿತಿಗೆ ಹೇಳಿ, ಹಗಲಿನಲ್ಲಿ ಬರುವುದು. ಕೈ ಎತ್ತಿದರೆ ಉಡುಪಿಗೆ ಹೋಗಿ ಪೊಲೀಸರಿಗೆ ದೂರು ಕೊಡಲು ಇಡೀ ಸಮಿತಿ ಅಕ್ಕನ ಜೊತೆ ಬಸ್ಸು ಹತ್ತುವುದು. ಗುರಿಕಾರರು ಇದಕ್ಕೆ ಸಭೆಯ ಒಪ್ಪಿಗೆ ಉಂಟು ಅಂದರು. ಭಾವ ಎದ್ದು ಹೋದ. ಅವನು ಬದಲಾದನೆಂದು ನಾನು ಬರೆಯುವುದಿಲ್ಲ. ಮೊದಲ ವರ್ಷ ಒಂದು ಸಲ ಕುಡಿದು ಬಂದು ನಮ್ಮ ಅಂಗಳದಲ್ಲಿ ಕೂಗಾಡಿದ. ಬೀಡಿ ಕಟ್ಟುವ ಹೆಂಗಸರು ಮೊರ ಹಿಡಿದುಕೊಂಡೇ ಬಂದು ಸುತ್ತ ನಿಂತರು. ಮತ್ತೆ ಬರಲಿಲ್ಲ.

ಆ ಶನಿವಾರ ಸಂಜೆ ನಾನು, ಹೆಂಡತಿ ಸೇರಿ ಮಂಚವನ್ನು ಬಿಚ್ಚಿ ಚಾವಡಿಗೆ ತಂದೆವು. ಅಕ್ಕ ಒಳಗೆ ಹೋದವಳು ಬಾಗಿಲನ್ನು ನೋಡಿದಳು. ಚಿಲಕ ಹೊರಗಿನಿಂದ ಮಾತ್ರ ಇತ್ತು. ನನಗೆ ಅದು ಯಾವತ್ತೂ ಕಾಣಿಸಿರಲಿಲ್ಲ. ಹೊರಗಿನಿಂದ ಚಿಲಕ ಹಾಕಿ ಹೊರಡುವವನಿಗೆ ಕಾಣಿಸುವುದಾದರೂ ಹೇಗೆ?

"ಒಳಗಿನಿಂದ ಒಂದು ಹಾಕಿಕೊಡು" ಅಂದಳು. ಮಣಿಪಾಲದ ನಂತರ ಅವಳು ನನ್ನ ಹತ್ತಿರ ನೇರವಾಗಿ ಆಡಿದ ಮೊದಲ ಮಾತು.

ಪೇಟೆಗೆ ಓಡಿ ಹಿತ್ತಾಳೆಯ ಚಿಲಕ ತಂದೆ. ಹಾರ್ನ್ ಕಟ್ಟುವ ಸ್ಕ್ರೂಡ್ರೈವರಿನಿಂದ ಕೂರಿಸಿದೆ. ಅದುವರೆಗೆ ಮನೆಗೆ ಒಂದು ಮೊಳೆ ಹೊಡೆದವನಲ್ಲ. ಅಕ್ಕ ಬಾಗಿಲು ಮುಚ್ಚಿದಳು. ಒಳಗೆ ಚಿಲಕ ಕಿರುಗುಟ್ಟಿತು, ಬೀಳಲಿಲ್ಲ. ಇನ್ನೊಮ್ಮೆ ಕಿರುಗುಟ್ಟಿತು. ಸೊಸೆಯ ಸ್ವರ, "ಮಾವ, ಇದು ಓರೆ ಉಂಟು."

ಬಾಗಿಲು ತೆರೆಯಿತು. ನಾನು ಅಕ್ಕನ ಮುಂದೆ ಮೊಣಕಾಲೂರಿದ್ದೆ, ಸ್ಕ್ರೂ ಬಿಚ್ಚಲು. ಹಾಗೆ ಕೂತಾಗ ಬಾಯಿಗೆ ಬಂತು. ಬಲಗಡೆಗೇ ಇದ್ದೆ, ಕೇಳಿಸುವ ಕಡೆ. "ಅಕ್ಕ, ನಾನು ನಿನಗೆ ಮಾಡಿದ್ದಕ್ಕೆ, ಈ ಜನ್ಮದಲ್ಲಿ..."

"ಜನ್ಮ ಎಲ್ಲ ಬೇಡ" ಅಂದಳು ಅಕ್ಕ. "ಇದನ್ನು ತೆಗೆದು ಸ್ವಲ್ಪ ಕೆಳಗೆ ಹಾಕು. ಕತ್ತಲಾಗುತ್ತದೆ."

ತೆಗೆದೆ. ಸ್ವಲ್ಪ ಕೆಳಗೆ ಹಾಕಿದೆ. ಅವಳು ಬಾಗಿಲು ಮುಚ್ಚಿದಳು. ಈ ಸಲ ಚಿಲಕ ಸರಿಯಾಗಿ ಬಿತ್ತು. ನಾನು ಚಾವಡಿಗೆ ಬಂದು, ಬಿಚ್ಚಿದ ಮಂಚದ ಕಾಲುಗಳನ್ನು ಜೋಡಿಸತೊಡಗಿದೆ.